ತೆಳ್ಳಗಾಗದಂತೆ ಬಡಿಯುವುದು ಹೇಗೆ?

ಲೋಹವನ್ನು ಬಡಿದು, ಒತ್ತಿ ಗಟ್ಟಿ ಮಾಡುವ ವಿದ್ಯೆಯ ಬಗ್ಗೆ ಬಳ್ಳಾರಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ ಇದು. ಕೇಳಲು ಬಂದವರಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದರು, ವೆಲ್ಡಿಂಗ್ ಮತ್ತು ಲೇತ್ ಅಂಗಡಿಯವರಿದ್ದರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವರಿದ್ದರು. ಹಿಂದಿನ ಸಾಲಿನಲ್ಲಿ ಮೂವರು ಕಮ್ಮಾರರೂ ಕೂತಿದ್ದರು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಿಮ್ಮೆಲ್ಲರ ಕೈಗೆ ಒಂದೊಂದು ತಾಮ್ರದ ತಂತಿ ಬಂದಿದೆ. ಗೇಣುದ್ದದ ತುಂಡು. ಮನೆಗೆ ಅರ್ಥಿಂಗ್ ಹಾಕುತ್ತಾರಲ್ಲ, ಆ ತಂತಿ. 4 ಮಿಲಿಮೀಟರ್ ದಪ್ಪ ಇದೆ. ಬೆಳಿಗ್ಗೆ ಅದನ್ನು ಕೆಂಪಗೆ ಕಾಯಿಸಿ, ನೀರಿಗೆ ಅದ್ದಿ ತಂದಿದ್ದೇನೆ. ಈಗ ಅದನ್ನು ನಡುವಿಗೆ ಬಗ್ಗಿಸಿ. ಸಲೀಸಾಗಿ ಬಗ್ಗಿತು, ಅಲ್ವಾ? ಈಗ ಅದೇ ಬಾಗನ್ನು ಕೈಯಿಂದ ನೆಟ್ಟಗೆ ಮಾಡಿ ನೋಡಿ.

ಆಗುತ್ತಿಲ್ಲ. ಬಾಗಿದ ಜಾಗ ಹಾಗೇ ನಿಂತಿದೆ. ಅದರ ಅಕ್ಕಪಕ್ಕದ ಜಾಗ ಬಗ್ಗುತ್ತಿದೆ. ತಂತಿ ನೆಟ್ಟಗಾಗುವ ಬದಲು ಹಾವಿನ ಹಾಗೆ ಡೊಂಕಾಗುತ್ತಿದೆ. ಅಂದರೆ ನೀವು ಮೊದಲು ಬಗ್ಗಿಸಿದ ಜಾಗ ಈಗ ಉಳಿದ ತಂತಿಗಿಂತ ಗಟ್ಟಿ. ನಾವು ಅದಕ್ಕೆ ಏನನ್ನೂ ಬೆರೆಸಲಿಲ್ಲ. ಬರೀ ಒಂದು ಸಲ ಬಗ್ಗಿಸಿದೆವು. ಅಷ್ಟಕ್ಕೇ ತಾಮ್ರದ ಗುಣ ಬದಲಾಯಿತು. ಇವತ್ತು ನಾನು ಹೇಳಬೇಕಾದದ್ದೆಲ್ಲ ಈ ತಂತಿಯಲ್ಲೇ ಇದೆ.

ನಮ್ಮ ಅಜ್ಜ ಸಂಡೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕುಲುಮೆ ಇಟ್ಟಿದ್ದರು. ಮುಂಗಾರಿಗೆ ಮುಂಚೆ ಕುಂಟೆಯ ಕುಡ ಹಣಿಸಲು ರೈತರು ಬೆಳಗಿನ ಜಾವಕ್ಕೇ ಬಂದು ಕೂರುತ್ತಿದ್ದರು. ತಿದಿ ಒತ್ತುವುದು ನನ್ನ ಕೆಲಸ. ಅಜ್ಜ ಕುಡಗೋಲು ಮಾಡುವಾಗ ಒಂದು ವಿಷಯ ನನಗೆ ವಿಚಿತ್ರ ಅನ್ನಿಸುತ್ತಿತ್ತು. ಕಬ್ಬಿಣ ಆರಿ ಕಪ್ಪಾದ ಮೇಲೂ ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ಪೆಟ್ಟು ಹಾಕುತ್ತಿದ್ದರು. ಯಾಕೆ ಅಂತ ಕೇಳಿದರೆ "ಹರಿತ ನಿಲ್ತೈತಿ" ಅನ್ನುತ್ತಿದ್ದರು. ಇನ್ನೂ ಜಾಸ್ತಿ ಬಡಿದರೆ ಇನ್ನೂ ಹರಿತ ನಿಲ್ಲುತ್ತದಾ ಅಂತ ಕೇಳಿದ್ದಕ್ಕೆ, "ತೆಳ್ಳಗಾಗಿ ಸೀಳ್ತೈತಿ" ಅಂದರು.

ಆ ಎರಡು ಮಾತು ಸೇರಿದರೆ ನನ್ನ ಓದಿನ ವಿಷಯವೇ ಆಗುತ್ತದೆ. ತಣ್ಣಗಿರುವಾಗ ಬಡಿದರೆ ಲೋಹ ಗಟ್ಟಿಯಾಗುತ್ತದೆ. ಆದರೆ ಬಡಿದಷ್ಟೂ ತೆಳ್ಳಗಾಗುತ್ತದೆ, ಕೊನೆಗೆ ಸೀಳುತ್ತದೆ. ಹಾಗಾದರೆ ತೆಳ್ಳಗೂ ಆಗಬಾರದು, ಸೀಳಲೂ ಬಾರದು, ಆದರೂ ಬೇಕಾದಷ್ಟು ಬಡಿಯಬೇಕು. ಅದು ಹೇಗೆ? ಇದಕ್ಕೆ ಹುಡುಕಿದ ಉಪಾಯಗಳಿಗೆಲ್ಲ ಒಟ್ಟಾಗಿ ಸಿವಿಯರ್ ಪ್ಲಾಸ್ಟಿಕ್ ಡಿಫಾರ್ಮೇಶನ್ ಅನ್ನುತ್ತಾರೆ. ಇಲ್ಲಿ ಪ್ಲಾಸ್ಟಿಕ್ ಅಂದರೆ ನಾವು ನೀರು ತುಂಬುವ ಕೊಡದ ಪ್ಲಾಸ್ಟಿಕ್ ಅಲ್ಲ. ಒತ್ತಿ ಬಿಟ್ಟ ಮೇಲೆ ಮೊದಲಿನ ಆಕಾರಕ್ಕೆ ವಾಪಸ್ ಬರದ ಗುಣ. ನಾನು ಇದನ್ನು ಕನ್ನಡದಲ್ಲಿ 'ಅತಿನಾದುವಿಕೆ' ಅಂತ ಕರೆಯುತ್ತೇನೆ. ರೊಟ್ಟಿಯ ಹಿಟ್ಟನ್ನು ನಾದುವಾಗ ಎಷ್ಟು ಒತ್ತಿದರೂ, ಎಷ್ಟು ಮಡಚಿದರೂ ಕೊನೆಗೆ ಅದೇ ಮುದ್ದೆ ಕೈಯಲ್ಲಿರುತ್ತದೆ. ಲೋಹವನ್ನೂ ಹಾಗೇ ನಾದಬೇಕು.

ನಾದಿದರೆ ಒಳಗೆ ಏನಾಗುತ್ತದೆ? ಅದಕ್ಕೆ ಲೋಹದ ಒಳಗೆ ಏನಿದೆ ಅಂತ ನೋಡಬೇಕು. ನಿಮ್ಮ ಮನೆಯಲ್ಲಿ ಹಳೆಯ ಜಿಂಕ್ ಬಕೆಟ್ ಇದ್ದರೆ, ಇಲ್ಲವೇ ಛಾವಣಿಯ ತಗಡು ಇದ್ದರೆ, ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಅದರ ಮೇಲೆ ಹೂವಿನ ಹಾಗೆ, ಮುರಿದ ಗಾಜಿನ ಹಾಗೆ ತೇಪೆ ತೇಪೆಯಾಗಿ ಹೊಳಪು ಕಾಣುತ್ತದೆ. ಒಂದೊಂದು ತೇಪೆಯೂ ಸತುವಿನ ಒಂದೊಂದು ಹರಳು. ಅದನ್ನೇ ಗ್ರೇನ್ ಅನ್ನುತ್ತಾರೆ, ನಾನು ಕಣ ಅನ್ನುತ್ತೇನೆ. ಒಂದು ಕಣದ ಒಳಗೆ ಅಣುಗಳೆಲ್ಲ ಸಾಲು ಹಿಡಿದು ಒಂದೇ ದಿಕ್ಕಿಗೆ ನಿಂತಿರುತ್ತವೆ. ಪಕ್ಕದ ಕಣದಲ್ಲಿ ಸಾಲಿನ ದಿಕ್ಕು ಬೇರೆ. ಅದಕ್ಕೇ ಹೊಳಪೂ ಬೇರೆ. ಎಲ್ಲ ಲೋಹಗಳೂ ಹೀಗೇ. ಬಕೆಟ್ಟಿನ ಸತುವಿನಲ್ಲಿ ಕಣ ದೊಡ್ಡದು, ಕಣ್ಣಿಗೆ ಕಾಣುತ್ತದೆ. ನಿಮ್ಮ ಕೈಯ ತಾಮ್ರದಲ್ಲಿ, ಕಾರ್ಖಾನೆಯ ಉಕ್ಕಿನಲ್ಲಿ ಕಣ ಸಾಮಾನ್ಯವಾಗಿ 10ರಿಂದ 100 ಮೈಕ್ರಾನ್ ಇರುತ್ತದೆ. ಒಂದು ಮಿಲಿಮೀಟರಿನಲ್ಲಿ 1000 ಮೈಕ್ರಾನ್ ಅಂತ ನೆನಪಿಟ್ಟುಕೊಳ್ಳಿ.

ಲೋಹ ಬಾಗುವುದು ಹೇಗೆ ಅನ್ನುವುದು ಬಹಳ ದಿನ ಯಾರಿಗೂ ಬಿಡಿಸಲಾಗದ ಒಗಟಾಗಿತ್ತು. ಅಣುಗಳ ಒಂದು ಪದರ ಇನ್ನೊಂದರ ಮೇಲೆ ಒಟ್ಟಿಗೇ ಜಾರಬೇಕು ಅಂತ ಲೆಕ್ಕ ಹಾಕಿದರೆ ಲೋಹ ಈಗ ಇರುವುದಕ್ಕಿಂತ ನೂರಾರು, ಸಾವಿರಾರು ಪಟ್ಟು ಗಟ್ಟಿ ಇರಬೇಕಿತ್ತು. 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಅನ್ನುವ ಮೂವರು ಬೇರೆ ಬೇರೆಯಾಗಿ ಉತ್ತರ ಕೊಟ್ಟರು. ಅದನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳುತ್ತೇನೆ. ಮೆಣಸಿನಕಾಯಿ ಒಣಹಾಕುವ ದೊಡ್ಡ ತಾಡಪಾಲನ್ನು ನೆಲದ ಮೇಲೆ ಒಂದು ಗೇಣು ಸರಿಸಬೇಕು ಅಂತಿಟ್ಟುಕೊಳ್ಳಿ. ಪೂರ್ತಿ ಎಳೆದರೆ ನಾಲ್ಕು ಜನ ಬೇಕು. ಆದರೆ ಒಂದು ತುದಿಯಲ್ಲಿ ಒಂದು ಮಡಿಕೆ ಎಬ್ಬಿಸಿ, ಆ ಮಡಿಕೆಯನ್ನು ಕಾಲಿನಿಂದ ನೂಕುತ್ತಾ ಆ ತುದಿಗೆ ಒಯ್ದರೆ ಒಬ್ಬರೇ ಸರಿಸಬಹುದು. ಲೋಹದ ಹರಳಿನಲ್ಲೂ ಇಂಥ ಮಡಿಕೆಗಳಿವೆ. ಅವುಗಳ ಹೆಸರು ಡಿಸ್‌ಲೊಕೇಶನ್. ಅವು ಸರಾಗವಾಗಿ ಓಡಿದರೆ ಲೋಹ ಮೆತ್ತಗಿರುತ್ತದೆ. ಅವುಗಳ ಓಟ ತಡೆದರೆ ಗಟ್ಟಿಯಾಗುತ್ತದೆ.

ತಡೆಯುವುದು ಯಾವುದು? ಕಣದ ಗಡಿ. ಸಿರುಗುಪ್ಪದ ಕಡೆ ಭತ್ತದ ಗದ್ದೆಗಳನ್ನು ನೋಡಿದ್ದೀರಿ. ನೀರು ಒಂದು ಮಡಿಯಲ್ಲಿ ಸರಾಗವಾಗಿ ಹರಡುತ್ತದೆ, ಬದು ಬಂದ ಕೂಡಲೇ ನಿಲ್ಲುತ್ತದೆ. ಡಿಸ್‌ಲೊಕೇಶನ್ ಕೂಡ ಹಾಗೇ. ಒಂದು ಕಣದ ಒಳಗೆ ಓಡುತ್ತದೆ, ಗಡಿಗೆ ಬಂದು ನಿಲ್ಲುತ್ತದೆ, ಯಾಕೆಂದರೆ ಆಚೆ ಕಡೆ ಸಾಲುಗಳ ದಿಕ್ಕೇ ಬೇರೆ. ಮಡಿ ಚಿಕ್ಕದಾದಷ್ಟೂ ಬದು ಜಾಸ್ತಿ. ಕಣ ಚಿಕ್ಕದಾದಷ್ಟೂ ತಡೆ ಜಾಸ್ತಿ.

ಇದನ್ನು ಲೆಕ್ಕಕ್ಕೆ ತಂದವರು ಇಬ್ಬರು. 1951ರಲ್ಲಿ ಹಾಲ್, 1953ರಲ್ಲಿ ಪೆಚ್. ಗಡಿಯಿಂದ ಬರುವ ಗಟ್ಟಿತನ ಕಣದ ಅಳತೆಯ ವರ್ಗಮೂಲಕ್ಕೆ ವಿಲೋಮ ಅಂತ ಅವರು ತೋರಿಸಿದರು. ಸೂತ್ರ ಬಿಡಿ, ಉದಾಹರಣೆ ನೋಡಿ. ಮೆದು ಉಕ್ಕಿನಲ್ಲಿ ಕಣ 25 ಮೈಕ್ರಾನ್ ಇದ್ದಾಗ ಗಡಿಗಳ ಪಾಲು ಸುಮಾರು 120 ಮೆಗಾಪ್ಯಾಸ್ಕಲ್. ಅದೇ ಕಣ 1 ಮೈಕ್ರಾನ್‌ಗೆ ಇಳಿದರೆ ಸುಮಾರು 600. ಉಕ್ಕು ಅದೇ, ಬೆಲೆ ಬಾಳುವ ಬೇರೆ ಲೋಹ ಒಂದು ಚಿಟಿಕೆಯೂ ಸೇರಿಸಿಲ್ಲ.

ಮೆಗಾಪ್ಯಾಸ್ಕಲ್ ಅಂದರೆ ಎಷ್ಟು ಅಂತ ಕೈಗೆ ಸಿಗುವ ಹಾಗೆ ಹೇಳುತ್ತೇನೆ. ಒಂದು ಚದರ ಮಿಲಿಮೀಟರ್ ಅಡ್ಡಳತೆಯ ತಂತಿಗೆ 100 ಗ್ರಾಂ ತೂಕ ಕಟ್ಟಿದರೆ ಹತ್ತಿರ ಹತ್ತಿರ 1 ಮೆಗಾಪ್ಯಾಸ್ಕಲ್. ಮೆದು ತಾಮ್ರದ ಅಂಥ ತಂತಿ 7 ಕೆ.ಜಿ. ಸುಮಾರಿಗೆ ಸೋತು ಉದ್ದವಾಗಲು ಶುರು ಮಾಡುತ್ತದೆ. ಅತಿಯಾಗಿ ನಾದಿದ ತಾಮ್ರ 40 ಕೆ.ಜಿ.ವರೆಗೂ ತಡೆಯುತ್ತದೆ.

ಅತಿನಾದುವಿಕೆಯಲ್ಲಿ ಕಣ 1 ಮೈಕ್ರಾನ್‌ಗಿಂತ ಕೆಳಗೆ ಹೋಗುತ್ತದೆ. ತಾಮ್ರದಲ್ಲಿ 0.2 ಮೈಕ್ರಾನ್ ಸಾಮಾನ್ಯ. ಇದು ಎಷ್ಟು ದೊಡ್ಡ ಬದಲಾವಣೆ ಅಂತ ನಾನೊಮ್ಮೆ ಲೆಕ್ಕ ಹಾಕಿ ಬೆರಗಾಗಿದ್ದೆ. ರಾಗಿ ಕಾಳಿನಷ್ಟು, ಅಂದರೆ ಒಂದು ಘನ ಮಿಲಿಮೀಟರ್ ತಾಮ್ರ ತೆಗೆದುಕೊಳ್ಳಿ. ಕಣ 50 ಮೈಕ್ರಾನ್ ಇದ್ದರೆ ಅದರಲ್ಲಿ 8 ಸಾವಿರ ಕಣ ಹಿಡಿಸುತ್ತವೆ. 0.2 ಮೈಕ್ರಾನ್ ಆದರೆ 12,500 ಕೋಟಿ. ಅದೇ ರಾಗಿ ಕಾಳಿನಷ್ಟು ಜಾಗದಲ್ಲಿ!

ಒಂದು ದೊಡ್ಡ ಕಣ ಇಷ್ಟೊಂದು ಚೂರಾಗುವುದು ಹೇಗೆ? ಗಾಜು ಒಡೆದ ಹಾಗೆ ಒಡೆಯುವುದಿಲ್ಲ. ಅಣ್ಣತಮ್ಮಂದಿರ ಹೊಲ ಹಿಸ್ಸೆ ಆಗುವ ಹಾಗೆ ಆಗುತ್ತದೆ. ಮೊದಲು ಹೊಲದ ನಡುವೆ ಒಂದು ಗೆರೆ ಬೀಳುತ್ತದೆ. ಎತ್ತು ದಾಟುತ್ತದೆ, ನೀರೂ ದಾಟುತ್ತದೆ. ವರ್ಷ ಕಳೆದಂತೆ ಗೆರೆಯ ಮೇಲೆ ಕಲ್ಲು ಕೂಡುತ್ತವೆ, ಮಣ್ಣು ಏರುತ್ತದೆ. ಆಮೇಲೆ ಅದು ನಿಜವಾದ ಬದು. ಲೋಹವನ್ನು ಒತ್ತಿದಾಗ ಕೋಟಿಗಟ್ಟಲೆ ಡಿಸ್‌ಲೊಕೇಶನ್ ಹುಟ್ಟಿ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ನಿಮ್ಮ ತಂತಿಯ ಬಾಗು ಗಟ್ಟಿಯಾದದ್ದು ಇದರಿಂದಲೇ. ಆ ಸಿಕ್ಕು ಗೋಡೆಯ ಹಾಗೆ ಸಾಲಾಗಿ ನಿಲ್ಲುತ್ತದೆ. ಗೋಡೆಯ ಈಚೆ ಆಚೆ ಅಣುಸಾಲುಗಳ ದಿಕ್ಕಿನಲ್ಲಿ ಮೊದಲು ಒಂದೆರಡು ಡಿಗ್ರಿ ವ್ಯತ್ಯಾಸ. ಇನ್ನೂ ಒತ್ತಿದರೆ ವ್ಯತ್ಯಾಸ ಬೆಳೆಯುತ್ತದೆ. 15 ಡಿಗ್ರಿ ದಾಟಿತು ಅಂದರೆ ನಾವು ಅದನ್ನು ಪೂರ್ಣ ಗಡಿ ಅನ್ನುತ್ತೇವೆ. ಹೊಸ ಕಣ ಹುಟ್ಟಿತು. ಸಾಧಾರಣ ಬಡಿತ ಗೆರೆ ಎಳೆಯುವ ಹಂತಕ್ಕೇ ನಿಲ್ಲುತ್ತದೆ. ಗೆರೆ ಬದುವಾಗಬೇಕಾದರೆ ಬಹಳ ಬಹಳ ನಾದಬೇಕು. 'ಅತಿ' ಅನ್ನುವ ಮಾತು ಬಂದಿದ್ದು ಇದಕ್ಕೇ.

ಈಗ ಉಪಾಯಗಳಿಗೆ ಬರೋಣ. ನನಗೆ ಅತಿ ಪ್ರಿಯವಾದದ್ದನ್ನು ಮೊದಲು ಹೇಳುತ್ತೇನೆ.

ಶಾವಿಗೆ ಒತ್ತು ನೋಡಿದ್ದೀರಿ. ದಪ್ಪ ಹಿಟ್ಟು ಮೇಲಿನಿಂದ ಹೋಗುತ್ತದೆ, ಸಣ್ಣ ತೂತಿನಿಂದ ಎಳೆಯಾಗಿ ಬರುತ್ತದೆ. ಹಿಟ್ಟು ನಾದಿಸಿಕೊಂಡಿತು, ನಿಜ. ಆದರೆ ತೆಳ್ಳಗಾಯಿತು. ಮತ್ತೆ ಅದನ್ನೇ ಒತ್ತಲು ಆಗದು. ಈಗ ಬೇರೆ ಥರ ಯೋಚಿಸಿ. ಗಟ್ಟಿ ಉಕ್ಕಿನ ದಿಮ್ಮಿಯಲ್ಲಿ ಒಂದು ಕಾಲುವೆ ಕೊರೆಯಿರಿ. ಅದು ನೆಟ್ಟಗೆ ಇಳಿದು, ನಲ್ಲಿ ಪೈಪಿನ ಎಲ್‌ಬೋ ಹಾಗೆ ಪಕ್ಕಕ್ಕೆ 90 ಡಿಗ್ರಿ ತಿರುಗಲಿ. ಒಳಹೋಗುವ ಬಾಯಿ, ಹೊರಬರುವ ಬಾಯಿ ಎರಡರ ಅಳತೆಯೂ ಒಂದೇ ಇರಲಿ. ಲೋಹದ ಕಂಬಿಯನ್ನು ಮೇಲಿನಿಂದ ಒತ್ತಿ. ಮೂಲೆಯಲ್ಲಿ ತಿರುಗುವಾಗ ಅದರ ಪದರಗಳೆಲ್ಲ ಒಂದರ ಮೇಲೊಂದು ಜಾರುತ್ತವೆ, ಇಸ್ಪೀಟ್ ಕಟ್ಟನ್ನು ಓರೆಯಾಗಿ ನೂಕಿದ ಹಾಗೆ. ಆದರೆ ಹೊರಗೆ ಬಂದ ಕಂಬಿ ಮೊದಲು ಎಷ್ಟು ದಪ್ಪ ಇತ್ತೋ ಅಷ್ಟೇ ದಪ್ಪ. ಹಾಗಾಗಿ ಅದನ್ನು ಮತ್ತೆ ಅದೇ ಬಾಯಿಗೆ ಹಾಕಬಹುದು. ಮತ್ತೆ, ಮತ್ತೆ. ಇದರ ಹೆಸರು ಈಕ್ವಲ್ ಚಾನೆಲ್ ಆಂಗ್ಯುಲರ್ ಪ್ರೆಸ್ಸಿಂಗ್. ಚಿಕ್ಕದಾಗಿ ಈಕ್ಯಾಪ್.

ಒಂದು ಸಲ ಮೂಲೆ ದಾಟಿದರೆ ಆಗುವ ವಿರೂಪ ಸುಮಾರು 1. ಆ ಸಂಖ್ಯೆ ಕೇಳಿದರೆ ಏನೂ ಅನ್ನಿಸುವುದಿಲ್ಲ. ಅರ್ಥ ಹೀಗಿದೆ: ಕಂಬಿಯನ್ನು ಎಳೆದು ಅದರ ಉದ್ದವನ್ನು 2.7 ಪಟ್ಟು ಮಾಡಿದಷ್ಟು ನಾದಿಕೆ. ಎಂಟು ಸಲ ಒತ್ತಿದರೆ 2.7ನ್ನು ಎಂಟು ಸಲ ಗುಣಿಸಬೇಕು. ಸುಮಾರು 3000 ಪಟ್ಟು ಆಗುತ್ತದೆ. 10 ಮಿಲಿಮೀಟರ್ ದಪ್ಪದ, 10 ಸೆಂಟಿಮೀಟರ್ ಉದ್ದದ ಕಂಬಿಯನ್ನು ಅಷ್ಟು ಎಳೆದಿದ್ದರೆ ಅದು 300 ಮೀಟರ್ ಉದ್ದದ ಎಳೆಯಾಗುತ್ತಿತ್ತು. ದಪ್ಪ ಒಂದೆರಡು ತಲೆಗೂದಲು ಸೇರಿಸಿದಷ್ಟು. ಆದರೆ ಈಕ್ಯಾಪ್‌ನಿಂದ ಹೊರಗೆ ಬಂದಾಗ ನಿಮ್ಮ ಕೈಯಲ್ಲಿ ಅದೇ 10 ಸೆಂಟಿಮೀಟರ್ ಕಂಬಿ ಇರುತ್ತದೆ. ನಾನು ಮೊದಲ ಸಲ ಅಂಥ ಕಂಬಿಯನ್ನು ಕೈಯಲ್ಲಿ ಹಿಡಿದಾಗ ಅಜ್ಜನ ಮಾತು ನೆನಪಾಗಿ ಕಣ್ಣು ತುಂಬಿ ಬಂತು. ತೆಳ್ಳಗಾಗಿರಲಿಲ್ಲ. ಸೀಳಿರಲಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಪ್ರತಿ ಸಲ ಒತ್ತುವ ಮುಂಚೆ ಕಂಬಿಯನ್ನು ತನ್ನ ಸುತ್ತ ಒಂದೇ ದಿಕ್ಕಿಗೆ 90 ಡಿಗ್ರಿ ತಿರುಗಿಸಿ ಹಾಕಿದರೆ ಕಣಗಳು ಎಲ್ಲ ಕಡೆಯಿಂದಲೂ ಸಮನಾಗಿ ಒಡೆಯುತ್ತವೆ. ತಿರುಗಿಸದೆ ಹಾಕಿದರೆ ಕಣಗಳು ಉದ್ದುದ್ದ ಎಳೆಯಾಗುತ್ತವೆ. ಹಿಟ್ಟು ನಾದುವವರು ಮುದ್ದೆಯನ್ನು ತಿರುಗಿಸುತ್ತಾ ಇರುತ್ತಾರಲ್ಲ, ಅದೇ ಬುದ್ಧಿ.

ಈ ಉಪಾಯ ಹುಟ್ಟಿದ್ದು 1970ರ ದಶಕದಲ್ಲಿ, ಆಗಿನ ಸೋವಿಯತ್ ಒಕ್ಕೂಟದ ಮಿನ್ಸ್ಕ್‌ನಲ್ಲಿ. ಮಾಡಿದವರು ಸೆಗಲ್ ಮತ್ತು ಅವರ ಜೊತೆಗಾರರು. ಅವರ ಗಮನ ಇದ್ದಿದ್ದು ಆಕಾರ ಕೆಡಿಸದೆ ಲೋಹವನ್ನು ವಿರೂಪ ಮಾಡುವುದರ ಮೇಲೆ. ಇದರಿಂದ ಮೈಕ್ರಾನ್‌ಗಿಂತ ಸಣ್ಣ ಕಣ ಮಾಡಬಹುದು, ಅದಕ್ಕೆ ಹೊಸ ಗುಣಗಳಿರುತ್ತವೆ ಅಂತ ಜಗತ್ತಿನ ಕಣ್ಣಿಗೆ ತಂದವರು ರಷ್ಯಾದ ಉಫಾ ಊರಿನ ರುಸ್ಲಾನ್ ವಾಲಿಯೆವ್. ಅದು 1990ರ ಸುಮಾರಿಗೆ.

ಎರಡನೆಯ ಉಪಾಯ ಜಪಾನಿನದು. 1998ರಲ್ಲಿ ಒಸಾಕಾ ವಿಶ್ವವಿದ್ಯಾಲಯದ ಸೈಟೋ, ತ್ಸುಜಿ ಮತ್ತು ಜೊತೆಯವರು ಪ್ರಕಟಿಸಿದರು. ಚಿರೋಟಿ ಮಾಡುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ತಗಡನ್ನು ರೋಲರ್ ನಡುವೆ ಹಾಯಿಸಿ ಅರ್ಧ ದಪ್ಪಕ್ಕೆ ಇಳಿಸುತ್ತಾರೆ. ಉದ್ದ ಎರಡರಷ್ಟಾಗುತ್ತದೆ. ಅದನ್ನು ನಡುವೆ ಕತ್ತರಿಸಿ ಒಂದರ ಮೇಲೊಂದು ಇಟ್ಟರೆ ಮೊದಲಿನ ದಪ್ಪವೇ ಬಂತು. ಮತ್ತೆ ರೋಲರಿಗೆ. ಹತ್ತು ಸಲ ಮಾಡಿದರೆ 1024 ಪದರ. ತಗಡು 1 ಮಿಲಿಮೀಟರ್ ಇದ್ದರೆ ಒಂದೊಂದು ಪದರ 1 ಮೈಕ್ರಾನ್! ಚಿರೋಟಿಗೂ ಇದಕ್ಕೂ ಒಂದೇ ವ್ಯತ್ಯಾಸ. ಚಿರೋಟಿಯಲ್ಲಿ ಪದರ ಬಿಡಿಬಿಡಿಯಾಗಿ ಬರಲಿ ಅಂತ ನಡುವೆ ತುಪ್ಪ ಸವರುತ್ತಾರೆ. ಇಲ್ಲಿ ಪದರ ಅಂಟಿಕೊಳ್ಳಬೇಕು. ಅದಕ್ಕೇ ಜಿಡ್ಡು ಒಂದಿಷ್ಟೂ ಇರದಂತೆ ತೊಳೆದು, ತಂತಿ ಬ್ರಷ್‌ನಿಂದ ಉಜ್ಜಿ, ಹೊಸ ಮೈ ತೆರೆದು ಜೋಡಿಸುತ್ತಾರೆ. ಅಲ್ಯುಮಿನಿಯಂಗೆ 200 ಡಿಗ್ರಿ, ಉಕ್ಕಿಗೆ ಸುಮಾರು 500 ಡಿಗ್ರಿವರೆಗೆ ಕಾಯಿಸುವುದೂ ಉಂಟು. ಅದಕ್ಕಿಂತ ಜಾಸ್ತಿ ಕಾಯಿಸಿದರೆ ಮಾಡಿದ್ದೆಲ್ಲ ಹಾಳು. ರೋಲಿಂಗ್ ಮಿಲ್ ಇರುವ ಊರಿಗೆ ಇದು ಹತ್ತಿರದ ವಿದ್ಯೆ. ಅಂಚು ಸೀಳುವುದು ಇದರ ದೊಡ್ಡ ತೊಂದರೆ.

ಮೂರನೆಯದು ವಯಸ್ಸಿನಲ್ಲಿ ಹಿರಿಯದು. ಬೀಸುವ ಕಲ್ಲನ್ನು ನೆನೆಸಿಕೊಳ್ಳಿ. ಕೆಳಗಿನ ಕಲ್ಲು, ಮೇಲಿನ ಕಲ್ಲು, ನಡುವೆ ಕಾಳಿನ ಬದಲು ಕಾಸಿನಗಲದ ಒಂದು ಲೋಹದ ಬಿಲ್ಲೆ. ಮೇಲಿನಿಂದ ಭಾರೀ ಒತ್ತಡ ಹೇರಿ, ಒಂದು ಕಡೆಯನ್ನು ತಿರುಗಿಸಬೇಕು. ಒತ್ತಡ ಎಷ್ಟು ಅಂದರೆ ಗಾಳಿಯ ಒತ್ತಡದ 60 ಸಾವಿರ ಪಟ್ಟು ಅನ್ನುವುದು ಪ್ರಯೋಗಶಾಲೆಗಳಲ್ಲಿ ಮಾಮೂಲು. ಅಮೆರಿಕದ ಹಾರ್ವರ್ಡ್‌ನಲ್ಲಿ ಪರ್ಸಿ ಬ್ರಿಜ್‌ಮನ್ 1935ರಲ್ಲೇ ಒತ್ತಿ ತಿರುಚುವ ಇಂಥ ಪ್ರಯೋಗಗಳನ್ನು ಪ್ರಕಟಿಸಿದ್ದರು. ಅವರು ಅತಿ ಒತ್ತಡದಲ್ಲಿ ವಸ್ತುಗಳು ಏನಾಗುತ್ತವೆ ಅಂತ ಜೀವನವಿಡೀ ನೋಡಿದವರು. 1946ರಲ್ಲಿ ಅವರಿಗೆ ನೊಬೆಲ್ ಬಂತು.

ಇಷ್ಟು ತಿರುಚಿದರೂ ಬಿಲ್ಲೆ ಯಾಕೆ ಸೀಳುವುದಿಲ್ಲ? ಇದಕ್ಕೆ ಉತ್ತರ ಈ ಸಭೆಯಲ್ಲಿರುವ ಅಮ್ಮಂದಿರಿಗೆ ಗೊತ್ತು. ಜೋಳದ ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ. ಅದಕ್ಕೇ ಒಂದು ಕೈ ಬಡಿಯುತ್ತಿದ್ದರೆ ಇನ್ನೊಂದು ಕೈ ಅಂಚಿಗೆ ಆನಿಸಿ ಒಳಗೆ ಒತ್ತುತ್ತಾ ಬರುತ್ತದೆ. ಬಿರುಕು ಬಾಯಿ ಬಿಡಬೇಕಾದರೆ ಜಾಗ ಬೇಕು. ಎಲ್ಲ ಕಡೆಯಿಂದ ಒತ್ತಿ ಹಿಡಿದರೆ ಬಾಯಿ ಬಿಡಲು ಜಾಗವೇ ಇಲ್ಲ. ಈ ವಿದ್ಯೆಯ ಎಲ್ಲ ಉಪಾಯಗಳಲ್ಲೂ ಆ ಎರಡನೆಯ ಕೈ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಅದಿಲ್ಲದೆ ಬರೀ ಬಡಿತದಿಂದ ಇಲ್ಲಿಗೆ ಬರಲು ಆಗುತ್ತಿರಲಿಲ್ಲ.

ಇನ್ನೂ ಹಲವು ಇವೆ. ಮೂರು ದಿಕ್ಕಿನಿಂದ ಸರದಿಯಂತೆ ಕುಟ್ಟುವುದು, ತಗಡನ್ನು ಸುಕ್ಕು ಮಾಡಿ ಮತ್ತೆ ನೆಟ್ಟಗೆ ಮಾಡುವುದು, ತಿರುಚು ಕಾಲುವೆಯಲ್ಲಿ ತೂರಿಸುವುದು. ತತ್ವ ಒಂದೇ: ಕೊನೆಗೆ ಮೊದಲಿನ ಆಕಾರ ಸಿಗಬೇಕು, ಹಾಗಾಗಿ ಮತ್ತೆ ಮಾಡಬಹುದು.

ನನಗೆ ಆದ ಒಂದು ನಷ್ಟವನ್ನು ಹೇಳಬೇಕು. ವಿದ್ಯಾರ್ಥಿಯಾಗಿದ್ದಾಗ ಒಂದು ಪ್ರಯೋಗಶಾಲೆಯಲ್ಲಿ ಎರಡು ದಿನ ಕೂತು ಒಂದು ತಾಮ್ರದ ಕಂಬಿಯನ್ನು ಎಂಟು ಸಲ ಒತ್ತಿದ್ದೆ. ಕೈಯೆಲ್ಲ ಕಂಬಿ ಜಾರಲೆಂದು ಸವರುವ ಮಾಲಿಬ್ಡಿನಂ ಡೈಸಲ್ಫೈಡ್‌ನ ಕಪ್ಪು. ಸ್ವಲ್ಪ ಬಿಸಿ ಕೊಟ್ಟು ಅದರ ಒಳಗಿನ ಬಿಗಿ ಸಡಿಲಿಸೋಣ ಅಂತ ಸಣ್ಣ ಕುಲುಮೆಯಲ್ಲಿಟ್ಟೆ. ಕುಲುಮೆಯ ಉಷ್ಣತೆ ತೋರಿಸುವ ಮಾಪಕ ಕೆಟ್ಟಿತ್ತು. ಅದು ಗೊತ್ತಾಗಿದ್ದು ಮರುದಿನ ಬೆಳಿಗ್ಗೆ. ಗಟ್ಟಿತನ ಅಳೆದರೆ ಕಂಬಿ ಮೊದಲ ದಿನದಷ್ಟೇ ಮೆತ್ತಗಿತ್ತು. ಸೂಕ್ಷ್ಮದರ್ಶಕದಲ್ಲಿ ದೊಡ್ಡ ದೊಡ್ಡ ಕಣಗಳು ಆರಾಮವಾಗಿ ಹರಡಿಕೊಂಡಿದ್ದವು. ರಾಗಿ ಕಾಳಿನಷ್ಟು ಜಾಗಕ್ಕೆ 12,500 ಕೋಟಿಯಂತೆ ಇದ್ದ ಮಡಿಗಳ ಬದುಗಳೆಲ್ಲ ಒಂದೇ ರಾತ್ರಿ ಅಳಿಸಿಹೋಗಿದ್ದವು. ಇಷ್ಟೊಂದು ಗಡಿ ಇರುವ ಲೋಹದೊಳಗೆ ಬಹಳ ಶಕ್ತಿ ಕೂಡಿಟ್ಟಿರುತ್ತದೆ. ಸ್ವಲ್ಪ ಬಿಸಿ ಸಿಕ್ಕರೂ ಅದು ಹಳೆಯ ಸ್ಥಿತಿಗೆ ಮರಳಲು ಕಾಯುತ್ತಿರುತ್ತದೆ. ಶುದ್ಧ ತಾಮ್ರಕ್ಕೆ 200 ಡಿಗ್ರಿ ಸುಮಾರಿನ ಬಿಸಿಯೇ ಸಾಕು. ಈ ವಿದ್ಯೆಯ ದೊಡ್ಡ ಮಿತಿ ಇದು. ಯಾರಾದರೂ ನಿಮಗೆ ನ್ಯಾನೋ ಲೋಹದ, ಅಂದರೆ ಇಂಥ ಅತಿ ಸಣ್ಣ ಕಣದ ಲೋಹದ ಬಗ್ಗೆ ದೊಡ್ಡ ಮಾತು ಹೇಳಿದರೆ, ಎಷ್ಟು ಬಿಸಿ ತಡೆಯುತ್ತದೆ ಅಂತ ಮೊದಲು ಕೇಳಿ.

ಇನ್ನೊಂದು ಮಿತಿ ಹಿಗ್ಗುವಿಕೆಯದು. ಗಟ್ಟಿಯಾದ ಲೋಹ ಎಳೆದಾಗ ಹೆಚ್ಚು ಹಿಗ್ಗುವುದಿಲ್ಲ, ಬೇಗ ಒಂದು ಕಡೆ ಸೊಂಟದ ಹಾಗೆ ಸಣ್ಣಗಾಗಿ ತುಂಡಾಗುತ್ತದೆ. ಡಿಸ್‌ಲೊಕೇಶನ್‌ಗಳಿಗೆ ಓಡಾಡಲು ಜಾಗವೇ ಇಲ್ಲವಲ್ಲ. ಇದಕ್ಕೂ ದಾರಿಗಳಿವೆ. 2002ರಲ್ಲಿ ಒಂದು ತಂಡ ತಾಮ್ರವನ್ನು ದ್ರವ ಸಾರಜನಕದ ಚಳಿಯಲ್ಲಿ ರೋಲ್ ಮಾಡಿ, ಆಮೇಲೆ ಕೆಲವೇ ನಿಮಿಷ ಕಾಯಿಸಿ, ಸಣ್ಣ ಕಣಗಳ ನಡುವೆ ಅಲ್ಲಲ್ಲಿ ದೊಡ್ಡ ಕಣ ಬೆಳೆಯಲು ಬಿಟ್ಟಿತು. ಸಣ್ಣವು ಗಟ್ಟಿತನ ಕೊಟ್ಟವು, ದೊಡ್ಡವು ಹಿಗ್ಗಲು ಜಾಗ ಕೊಟ್ಟವು. ನನ್ನ ಕಂಬಿ ಹಾಳಾದದ್ದೂ ಬಿಸಿಯಿಂದಲೇ, ಇವರದು ಒಳ್ಳೆಯದಾದದ್ದೂ ಬಿಸಿಯಿಂದಲೇ. ಎಲ್ಲ ಹದದ ಮಾತು.

ಹಾಗಾದರೆ ಇದು ಎಲ್ಲಿ ಉಪಯೋಗಕ್ಕೆ ಬಂದಿದೆ? ನನಗೆ ಮನಸ್ಸಿಗೆ ತಟ್ಟುವ ಉದಾಹರಣೆ ಹಲ್ಲಿನದು. ದವಡೆಯ ಮೂಳೆಗೆ ಕೂರಿಸುವ ತಿರುಪು ಟೈಟೇನಿಯಂನದು. ಶುದ್ಧ ಟೈಟೇನಿಯಂ ಮೈಗೆ ಚೆನ್ನಾಗಿ ಹೊಂದುತ್ತದೆ, ಆದರೆ ಗಟ್ಟಿ ಸಾಲದು. ಗಟ್ಟಿ ಮಾಡಲು ಅಲ್ಯುಮಿನಿಯಂ, ವನಾಡಿಯಂ ಬೆರೆಸುತ್ತಾರೆ. ಮೈಯೊಳಗೆ ವರ್ಷಗಟ್ಟಲೆ ಇರಬೇಕಾದ ವಸ್ತುವಿನಲ್ಲಿ ವನಾಡಿಯಂ ಇರುವುದು ಹಲವರಿಗೆ ಇಷ್ಟವಿಲ್ಲ. ಶುದ್ಧ ಟೈಟೇನಿಯಂ ಅನ್ನೇ ಈಕ್ಯಾಪ್ ಮಾಡಿ, ಮುಂದೆ ಎಳೆದು ತಯಾರಿಸಿದಾಗ ಅದು ತುಂಡಾಗುವ ಮಿತಿ ಸುಮಾರು 700 ಮೆಗಾಪ್ಯಾಸ್ಕಲ್‌ನಿಂದ 1240ಕ್ಕೆ ಏರಿತು. ನಮ್ಮ ಭತ್ತದ ಚೀಲ 75 ಕೆ.ಜಿ. ಮೊದಲು ಒಂದು ಚದರ ಮಿಲಿಮೀಟರ್ ತಂತಿ ಒಂದು ಚೀಲವನ್ನೂ ಪೂರ್ತಿ ತಡೆಯುತ್ತಿರಲಿಲ್ಲ, ಈಗ ಒಂದೂವರೆ ಚೀಲ ತಡೆಯುತ್ತದೆ. ಜೆಕ್ ದೇಶದಲ್ಲಿ ಇದರಿಂದ ಹಲ್ಲಿನ ತಿರುಪು ಮಾಡಿದರು. ಸಾಮಾನ್ಯ ತಿರುಪಿಗಿಂತ ತೆಳ್ಳಗೆ, 2.4 ಮಿಲಿಮೀಟರ್. ಮೂಳೆ ಸಣ್ಣಗಿರುವವರಿಗೂ ಕೂರಿಸಬಹುದು.

ವಿದ್ಯುತ್ತಿನದೂ ಅಂಥದೇ ಕಥೆ. ತಾಮ್ರಕ್ಕೆ ಬೇರೆ ಲೋಹ ಬೆರೆಸಿ ಗಟ್ಟಿ ಮಾಡಿದರೆ ಕರೆಂಟು ಹರಿಯುವ ಗುಣ ಕುಗ್ಗುತ್ತದೆ. ನಾದಿ ಗಟ್ಟಿ ಮಾಡಿದರೆ ಅಷ್ಟೊಂದು ಕುಗ್ಗುವುದಿಲ್ಲ. ಚಿಪ್ ತಯಾರಿಕೆಯಲ್ಲಿ ಲೋಹದ ತೆಳು ಲೇಪ ಹಾಕಲು ಬಳಸುವ ಬಿಲ್ಲೆಗಳನ್ನು ಹನಿವೆಲ್ ಕಂಪನಿ ಈ ವಿಧಾನದಿಂದ ಮಾಡಿತು. ಕಣ ಸಣ್ಣದಾಗಿ ಸಮನಾಗಿದ್ದರೆ ಲೇಪವೂ ಸಮನಾಗಿ ಬರುತ್ತದೆ.

ಉಕ್ಕಿನ ಬಗ್ಗೆ ಒಂದು ಮಾತು ಹೇಳದೆ ಬಳ್ಳಾರಿ ಬಿಟ್ಟು ಹೋಗಲಾರೆ. ಕಣ ಸಣ್ಣದಾದ ಲೋಹ ತಣ್ಣಗಿರುವಾಗ ಗಟ್ಟಿ. ಆದರೆ ಸರಿಯಾದ ಬಿಸಿಯಲ್ಲಿ ನಿಧಾನವಾಗಿ ಎಳೆದರೆ ಅದು ಹರಿಯದೆ ಐದು ಪಟ್ಟು, ಹತ್ತು ಪಟ್ಟು ಉದ್ದವಾಗಬಹುದು. ಸಾಸಿವೆ ರಾಶಿ ಜಾರಿದ ಹಾಗೆ ಕಣಗಳು ಒಂದರ ಪಕ್ಕ ಒಂದು ಜಾರುತ್ತವೆ. ಇದಕ್ಕೆ ಸೂಪರ್‌ಪ್ಲಾಸ್ಟಿಸಿಟಿ ಅನ್ನುತ್ತಾರೆ. ಸ್ಟ್ಯಾನ್‌ಫರ್ಡ್‌ನಲ್ಲಿ ಓಲೆಗ್ ಶರ್ಬಿ ಮತ್ತು ಜೆಫ್ರಿ ವಾಡ್ಸ್‌ವರ್ತ್ 1970ರ ದಶಕದಲ್ಲಿ 1ರಿಂದ 2 ಶೇಕಡಾ ಇಂಗಾಲ ಇರುವ ಉಕ್ಕಿನ ಕಣ ಸಣ್ಣದು ಮಾಡಿ ಈ ಗುಣ ತಂದರು. ಆಮೇಲೆ ಅವರ ಗಮನಕ್ಕೆ ಬಂದ ವಿಷಯ: ಅದೇ ಬೆರಕೆಯ ಉಕ್ಕು ನೂರಾರು ವರ್ಷ ಹಿಂದೆಯೇ ಡಮಾಸ್ಕಸ್ ಕತ್ತಿಗಳಲ್ಲಿತ್ತು. ಆ ಕತ್ತಿಗಳಿಗೆ ಬೇಕಾದ ಉಕ್ಕಿನ ಗಟ್ಟಿಗಳು ಹೋಗುತ್ತಿದ್ದದ್ದು ದಕ್ಷಿಣ ಭಾರತದ ಮೂಸೆಗಳಿಂದ. ಅದಕ್ಕೆ ಇಂಗ್ಲಿಷರು ಬರೆದಿಟ್ಟ 'ವೂಟ್ಸ್' ಅನ್ನುವ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಬಂದದ್ದು ಅನ್ನುತ್ತಾರೆ. ಆ ಉಕ್ಕನ್ನು ಬಿಳಿ ಬಿಸಿಗೆ ಕಾಯಿಸಿ ಬಡಿದರೆ ಪುಡಿಯಾಗುತ್ತದೆ. ಕಡಿಮೆ ಬಿಸಿಯಲ್ಲಿ, ತಾಳ್ಮೆಯಿಂದ, ಬಹಳ ಸಲ ಬಡಿಯಬೇಕು. ಅದು ತಿಳಿದವರು ಕುಲುಮೆಯಲ್ಲಿದ್ದರು.

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಪ್ರಶ್ನೆಗಳನ್ನು ತೆಗೆದುಕೊಂಡೆ.

ಮನೆ ಕಟ್ಟಿಸುವ ಮೇಸ್ತ್ರಿ ಒಬ್ಬರು ಕೇಳಿದರು: ಟಿಎಂಟಿ ಕಂಬಿಯೂ ಇದೇ ಥರನಾ? ಅಲ್ಲ. ಟಿಎಂಟಿಯಲ್ಲಿ ಕೆಂಪಗೆ ರೋಲಾಗಿ ಬಂದ ಕಂಬಿಗೆ ಒಮ್ಮೆಲೇ ನೀರು ಹೊಡೆಯುತ್ತಾರೆ. ಹೊರಮೈ ಗಡಸಾಗುತ್ತದೆ, ಒಳಗಿನ ಬಿಸಿ ಹೊರಬಂದು ಅದನ್ನೇ ಸ್ವಲ್ಪ ಹದ ಮಾಡುತ್ತದೆ. ಹೊರಗೆ ಗಟ್ಟಿ ಉಂಗುರ, ಒಳಗೆ ಮೆತ್ತನೆ ತಿರುಳು. ಭೂಕಂಪಕ್ಕೆ ಆ ಹಿಗ್ಗುವ ತಿರುಳೇ ಬೇಕು. ಮನೆ ಕಂಬಿಗೆ ಅತಿನಾದುವಿಕೆ ಬೇಡ ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ತೋರಣಗಲ್ಲಿನಲ್ಲಿ ಕಾದ ಉಕ್ಕನ್ನು ತಗಡಾಗಿ ಲಟ್ಟಿಸುವ ಹಾಟ್ ಸ್ಟ್ರಿಪ್ ಮಿಲ್‌ನಲ್ಲಿ ಕೆಲಸ ಮಾಡುವ ಯುವಕರೊಬ್ಬರು ತಮ್ಮಲ್ಲೂ ಕಣ ಸಣ್ಣದು ಮಾಡುತ್ತಾರಲ್ಲ ಅಂದರು. ಅವರ ಮಾತು ಸರಿ. ಉಕ್ಕಿಗೆ ಶೇಕಡಾ 0.1ಕ್ಕಿಂತ ಕಡಿಮೆ ನಿಯೋಬಿಯಂ ಅನ್ನುವ ಲೋಹ ಹಾಕಿ, ಕೊನೆಯ ರೋಲಿಂಗ್‌ನ ಬಿಸಿಯನ್ನು ಹಿಡಿತದಲ್ಲಿಟ್ಟು, ಬೇಗ ತಣಿಸಿದರೆ ಕಣ 5ರಿಂದ 10 ಮೈಕ್ರಾನ್‌ಗೆ ಬರುತ್ತದೆ. ಪೈಪ್‌ಲೈನಿನ ಉಕ್ಕು ಹಾಗೇ ಆಗುವುದು. ಟನ್‌ಗಟ್ಟಲೆ ಮಾಡಲು ಅದೇ ಸರಿಯಾದ ದಾರಿ. ಅತಿನಾದುವಿಕೆ ಇನ್ನೂ ಕೆಳಗೆ ಹೋಗುತ್ತದೆ, ಆದರೆ ತುಂಡು ತುಂಡಾಗಿ. ಚಕ್ರದ ಅಂಚಿನ ತೋಡಿನಲ್ಲಿ ಕಂಬಿಯನ್ನು ಎಳೆದು ನಿಲ್ಲದೆ ಒತ್ತುವ ಯಂತ್ರಗಳು ಬಂದಿವೆ. ಅವು ತಂತಿ, ತೆಳು ಕಂಬಿಗೆ ಸರಿ.

ವೆಲ್ಡಿಂಗ್ ಅಂಗಡಿಯವರ ಪ್ರಶ್ನೆ ನೇರವಾಗಿತ್ತು: ಇದಕ್ಕೆ ವೆಲ್ಡ್ ಹಾಕಬಹುದಾ? ಆರ್ಕ್ ಹಾಕಿದರೆ ಆ ಜಾಗದಲ್ಲಿ ನನ್ನ ತಾಮ್ರದ ಕಂಬಿಗೆ ಆದದ್ದೇ ಆಗುತ್ತದೆ. ಕರಗಿಸದೆ, ತಿರುಗುವ ಕಡ್ಡಿಯಿಂದ ಕಲಸಿ ಬೆಸೆಯುವ ಫ್ರಿಕ್ಷನ್ ಸ್ಟರ್ ವಿಧಾನ ಸ್ವಲ್ಪ ವಾಸಿ.

ಒಬ್ಬ ಹುಡುಗಿ, ಪಿಯುಸಿ ಓದುವವಳು, ಕಣವನ್ನು ಸಣ್ಣದು ಮಾಡುತ್ತಲೇ ಹೋದರೆ ಗಟ್ಟಿತನ ಏರುತ್ತಲೇ ಹೋಗುತ್ತದಾ ಅಂತ ಕೇಳಿದಳು. ಎರಡು ಕಡೆ ತಡೆ ಇದೆ. ಮೊದಲನೆಯದು, ಎಷ್ಟೇ ನಾದಿದರೂ ಒಂದು ಹಂತದ ನಂತರ ಕಣ ಸಣ್ಣದಾಗುವುದು ನಿಲ್ಲುತ್ತದೆ. ಹೊಸ ಗಡಿ ಹುಟ್ಟಿದಷ್ಟೇ ಹಳೆಯವು ಅಳಿಯುತ್ತವೆ. ಎರಡನೆಯದು, ಬೇರೆ ವಿಧಾನದಿಂದ ಕಣವನ್ನು 0.01–0.02 ಮೈಕ್ರಾನ್, ಅಂದರೆ 10–20 ನ್ಯಾನೋಮೀಟರ್‌ಗಿಂತ ಕೆಳಗೆ ಇಳಿಸಿದರೆ ಗಟ್ಟಿತನ ಏರುವುದು ನಿಂತು, ಇಳಿಯಲೂಬಹುದು. ಅಷ್ಟು ಸಣ್ಣ ಮಡಿಯಲ್ಲಿ ಬದುಗಳೇ ಜಾರಲು ಶುರು ಮಾಡುತ್ತವೆ.

ಕೊನೆಗೆ ಎದ್ದವರು ಹಿಂದಿನ ಸಾಲಿನ ಹಿರಿಯ ಕಮ್ಮಾರರು. ಅವರ ಕೈಯಲ್ಲಿ ಡೊಂಕಾದ ತಂತಿ ಇತ್ತು. ಆ ಎಲ್‌ಬೋ ಅಚ್ಚನ್ನು ಇಲ್ಲೇ ಮಾಡಬಹುದಾ ಅಂತ ಕೇಳಿದರು. ನಾನು ಉತ್ತರ ಕೊಡುವ ಮುಂಚೆಯೇ ಲೇತ್ ಅಂಗಡಿಯ ಒಬ್ಬರು ಎದ್ದು, ತಮ್ಮಲ್ಲಿ ಬೇರಿಂಗ್ ಕೂರಿಸುವ 20 ಟನ್ ಪ್ರೆಸ್ ಇದೆ, ಅಚ್ಚು ಮಿಲ್ ಮಾಡಿಕೊಡುತ್ತೇನೆ ಅಂದರು. ಅಲ್ಲೇ ನಿಂತು ಮಾತಾಡಿಕೊಂಡೆವು. ಎರಡು ಹೋಳಿನ ಅಚ್ಚು, ದಪ್ಪ ಬೋಲ್ಟ್‌ಗಳಿಂದ ಬಿಗಿಯಬೇಕು. ಕಾಲುವೆ 10 ಮಿಲಿಮೀಟರ್ ಚೌಕ. ಮೂಲೆಯ ಹೊರಗಡೆ ಸ್ವಲ್ಪ ಗುಂಡಗಿರಲಿ. ಹೊರಗೆ ಜನ ನಿಲ್ಲದಂತೆ ಮುಂದೆ ದಪ್ಪ ತಗಡಿನ ಮರೆ. ಮೊದಲು ಸೀಸ ಹಾಕಿ ನೋಡುವುದು, ಕೈಗವಸು ಹಾಕಿಕೊಂಡು. ಸೀಸದಲ್ಲಿ ಸಣ್ಣ ಕಣ ಉಳಿಯುವುದಿಲ್ಲ, ಅದಕ್ಕೆ ಬಳ್ಳಾರಿಯ ಕೋಣೆಯ ಬಿಸಿಯೇ ಸಾಕು. ಆದರೆ ಅದು ಮೆತ್ತಗಿರುತ್ತದೆ, ಅಚ್ಚಿಗೆ ಅಪಾಯ ಇಲ್ಲ. ಕಂಬಿಯನ್ನು ಉದ್ದಕ್ಕೆ ಸೀಳಿ, ಒಳಮೈ ಮೇಲೆ ಚೌಕುಳಿ ಗೆರೆ ಕೊರೆದು, ಮತ್ತೆ ಜೋಡಿಸಿ ಒತ್ತಿದರೆ ಚೌಕಗಳು ಮೂಲೆಯಲ್ಲಿ ಹೇಗೆ ಓರೆಯಾಗುತ್ತವೆ ಅಂತ ಕಣ್ಣಾರೆ ಕಾಣಬಹುದು. ಅದಾದ ಮೇಲೆ ಕಾಯಿಸಿ ಮೆದು ಮಾಡಿದ ಅಲ್ಯುಮಿನಿಯಂ. ಪ್ರತಿ ಸಲ 90 ಡಿಗ್ರಿ ತಿರುಗಿಸಿ ಹಾಕುವ ಕೆಲಸ ತನಗೆ ಕೊಡಿ ಅಂತ ಪಿಯುಸಿ ಹುಡುಗಿ ಆಗಲೇ ಹೇಳಿಟ್ಟಿದ್ದಾಳೆ.